ಬೈಲಿನ ಅಕ್ಕಿಯ ತೆಳಿ

ಆ ವರ್ಷ ನಮ್ಮ ಬೈಲಿನ ಮೂಲೆಯ ಗದ್ದೆಯಲ್ಲಿ ತೆನೆಗಳು ಬಾಗಲಿಲ್ಲ. ಕೆಳಗಿನ ಗದ್ದೆಗಳು ಹಳದಿಗೆ ತಿರುಗಿ ಕೊಯ್ಲಿಗೆ ಕಾಯುತ್ತಿದ್ದಾಗ ಆ ಮೂಲೆ ಮಾತ್ರ ಹಸಿರಾಗಿಯೇ ಉಳಿದು, ತೆನೆಗಳೆಲ್ಲ ನೆಟ್ಟಗೆ ನಿಂತಿದ್ದವು. ಬದುವಿನಿಂದ ಬಗ್ಗಿ ಒಂದು ತೆನೆ ಎಳೆದುಕೊಂಡು ಬೆರಳುಗಳಲ್ಲಿ ಉಜ್ಜಿದೆ. ಕಾಳು ಸಿಗಲಿಲ್ಲ. ಹೊಟ್ಟಿನ ತುದಿ ಗಿಳಿಯ ಕೊಕ್ಕಿನ ಹಾಗೆ ಡೊಂಕಾಗಿತ್ತು. ಗಿಳಿಯ ಕೊಕ್ಕು ಎಂಬುದು ಅಂದೇ ನನಗೆ ಹೊಳೆದದ್ದೋ, ಆಮೇಲೆ ಎಲ್ಲೋ ಓದಿದ್ದು ಹಿಂದಕ್ಕೆ ಹೋಗಿ ಆ ತೆನೆಗೆ ಅಂಟಿಕೊಂಡಿತೋ ಹೇಳಲಾರೆ. ಆ ದಿನದ ದಿನಚರಿಯಲ್ಲಿ ಮಗುವಿಗೆ ಶೀತ ಎಂದಷ್ಟೇ ಇದೆ.

ಮಾವ, ಅಂದರೆ ಅಮ್ಮನ ಅಣ್ಣ, ಹಿಂದಿನಿಂದ ಬಂದವರು ನಕ್ಕರು. "ಎಂತ ಮಾರಾಯ್ತಿ, ಪೊಲೀಸರ ಹಾಗೆ ನಿಂತಿದ್ದಾವಲ್ಲ! ಒಂದು ಸೆಲ್ಯೂಟ್ ಹೊಡಿ."

"ಯಾಕೆ ಮಾವ ಹೀಗೆ?"

"ಗೊಬ್ಬರ ಜಾಸ್ತಿ ಆಯ್ತು. ದನದ ಹಟ್ಟಿಯದ್ದೆಲ್ಲ ತಂದು ಇಲ್ಲಿಗೇ ಸುರಿದದ್ದು. ಹೊಟ್ಟೆ ತುಂಬಿದವನಿಗೆ ಬಗ್ಗಲಿಕ್ಕೆ ಆಗ್ತದಾ?"

ನಮ್ಮ ಮನೆಯ ಮಾತು ತುಳು. ಇಲ್ಲಿ ಎಲ್ಲರೂ ಆಡುವ ಕನ್ನಡ ನಾನು ಅವರ ಬಾಯಿಗೆ ಹಾಕಿದ್ದು. ಆದರೆ ಮಾವನ ಆ ನಗು ನಾನು ಹಾಕಿದ್ದಲ್ಲ.

ಎರಡು ಸಾವಿರದ ದಶಕದ ನಡುವಿನ ಮಾತು ಇದು. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಒಳಗೆ ಇಳಿದರೆ ನಮ್ಮ ಮನೆ. ಬಾಣಂತನಕ್ಕೆಂದು ಬಂದ ನಾನು, ಗಂಡ ಮಸ್ಕತ್ತಿನಲ್ಲಿ ಇದ್ದುದರಿಂದ, ಮಗುವನ್ನು ಅಮ್ಮನ ಕೈಗೆ ಬಿಟ್ಟು ಮೂಡುಬಿದಿರೆಯ ಕಾಲೇಜಿಗೆ ಮತ್ತೆ ರಸಾಯನಶಾಸ್ತ್ರ ಕಲಿಸಲು ಹೋಗತೊಡಗಿದ್ದೆ. ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಅವಳು ಅಮ್ಮನ ಸೊಂಟದಲ್ಲಿ ಕೂತು ನನ್ನನ್ನು ನೋಡದೆ ಕೋಳಿಗಳನ್ನು ನೋಡುತ್ತಿದ್ದಳು.

ಮೂಲೆಯ ಗದ್ದೆ ಮೊದಲು ಗದ್ದೆಯಾಗಿರಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ, ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ, ಆ ಜಾಗವನ್ನು ಮಾವ ಹೊರಗಿನವನೊಬ್ಬನಿಗೆ ಗೇಣಿಗೆ ಕೊಟ್ಟಿದ್ದರು. ಅವನು ಅಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ ಬೇಲಿಗೂಟಗಳಿಗೆ ಮದ್ದು ಕುಡಿಸುತ್ತಿದ್ದ. ಮುಂಡಾಜೆಯ ಕಡೆಯಿಂದ ಲಾರಿಯಲ್ಲಿ ಕಂಬಗಳು ಬರುತ್ತಿದ್ದವು. ತೊಟ್ಟಿಯಲ್ಲಿ ಮುಳುಗಿ, ಹಸಿರು ಬಣ್ಣ ಹತ್ತಿಸಿಕೊಂಡು, ಅಲ್ಲೇ ಅಡ್ಡಡ್ಡ ಒಟ್ಟಿದಲ್ಲಿ ತೊಟ್ಟಿಕ್ಕುತ್ತ ಒಣಗಿ, ವಿಟ್ಲದ ಕಡೆಯ ತೋಟಗಳಿಗೆ ಹೋಗುತ್ತಿದ್ದವು. ಈ ಗೂಟ ನೆಟ್ಟರೆ ಗೆದ್ದಲು ಮುಟ್ಟುವುದಿಲ್ಲ ಎಂದು ಎಲ್ಲರಿಗೂ ಸಂತೋಷ. ಕೆಲವು ವರ್ಷಗಳ ನಂತರ ಆತ ವ್ಯಾಪಾರ ಬಿಟ್ಟು ಹೋದ. ಒಂದು ಮಳೆಗಾಲದಲ್ಲಿ ತೊಟ್ಟಿ ಬಿರುಕು ಬಿಟ್ಟಿತು. ಮಾವ ಅದನ್ನು ಒಡೆಸಿ, ನೆಲ ತಗ್ಗಿಸಿ, ಮಣ್ಣು ಹದ ಮಾಡಿ ಬೈಲಿಗೆ ಸೇರಿಸಿದರು. ಬೈಲೆಂದರೆ ಎರಡು ಗುಡ್ಡಗಳ ನಡುವಿನ ತಗ್ಗು. ವರ್ಷದ ಹೆಚ್ಚು ಕಾಲ ಅಲ್ಲಿ ನೀರು ನಿಂತಿರುತ್ತದೆ. ಗುಡ್ಡದಿಂದ ಇಳಿದ ನೀರು ಮೊದಲು ಆ ಮೂಲೆಗೆ ಬಂದು, ಅಲ್ಲಿಂದ ಗದ್ದೆಯಿಂದ ಗದ್ದೆಗೆ ತುಂಬಿ ಹರಿದು, ಕೊನೆಗೆ ತೋಡಿಗೆ ಬೀಳುತ್ತಿತ್ತು. ಆ ಗದ್ದೆಗಳೆಲ್ಲ ನಮ್ಮವೇ.

ಮದ್ದಿನಲ್ಲಿ ಏನಿತ್ತೆಂದು ನನಗೆ ತಿಳಿದದ್ದು ಎಂ.ಎಸ್ಸಿ. ಓದುವಾಗ. ತಾಮ್ರ, ಕ್ರೋಮಿಯಂ, ಆರ್ಸೆನಿಕ್. ಓದಿದಾಗ ಹೆದರಿದ ನೆನಪಿಲ್ಲ. ನಮ್ಮದು ಕೆಂಪು ಮಣ್ಣು, ಅದರ ತುಂಬ ಕಬ್ಬಿಣದ ತುಕ್ಕು. ತುಕ್ಕು ಆರ್ಸೆನಿಕ್ಕನ್ನು ಹಿಡಿದು ಕೂರಿಸುತ್ತದೆ. ಇದು ಸರಿಯೇ. ಒಣಗಿದ ಮಣ್ಣಿಗೆ ಸರಿ.

ತೆನೆ ಬಾಗದ ಆ ಸುಗ್ಗಿಯ ನಂತರ ಕಾಲೇಜಿನ ಗ್ರಂಥಾಲಯದಲ್ಲಿ ಭತ್ತದ ರೋಗಗಳ ಬಗ್ಗೆ ಹುಡುಕುತ್ತ ಕೂತೆ. ತೆನೆ ನೆಟ್ಟಗೆ ನಿಲ್ಲುವುದಕ್ಕೆ ಕಾರಣಗಳು ಹಲವು ಇದ್ದವು. ಮಾವ ಹೇಳಿದ ಗೊಬ್ಬರವೂ ಅದರಲ್ಲಿ ಇತ್ತು. ಅದರ ಪಕ್ಕದಲ್ಲೇ ಆರ್ಸೆನಿಕ್ ಇತ್ತು. ಮುಂದೆ ಓದಿದೆ. ನೀರು ನಿಂತ ಗದ್ದೆಯ ಮಣ್ಣಿಗೆ ಗಾಳಿ ಹೋಗುವುದಿಲ್ಲ. ಗಾಳಿ ಇಲ್ಲದಲ್ಲಿ ತುಕ್ಕು ಕರಗುತ್ತದೆ, ಕರಗಿದಾಗ ತನ್ನ ಹಿಡಿತದಲ್ಲಿದ್ದದ್ದನ್ನು ನೀರಿಗೆ ಬಿಟ್ಟುಕೊಡುತ್ತದೆ. ಭತ್ತದ ಬೇರು ಅಲ್ಲೇ ಕಾದಿರುತ್ತದೆ. ದಂಟು ಬಿಗಿಯಾಗಿ ನಿಲ್ಲಲು ಭತ್ತಕ್ಕೆ ಮಣ್ಣಿನಿಂದ ಸಿಲಿಕಾ ಬೇಕು. ಅದು ಒಳಗೆ ಬರಲೆಂದು ಬೇರಿನಲ್ಲಿ ಇಟ್ಟ ಬಾಗಿಲಿನಿಂದಲೇ ಆರ್ಸೆನಿಕ್ಕೂ ಒಳಗೆ ಬರುತ್ತದೆ. ಗಿಡಕ್ಕೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಈ ಬಾಗಿಲಿನ ವಿಷಯ ನಾನು ತಿಳಿದದ್ದು ಕೆಲವು ವರ್ಷ ಬಿಟ್ಟು ಇರಬೇಕು. ಆದರೂ ನೆನೆದಾಗಲೆಲ್ಲ ಆ ಮಧ್ಯಾಹ್ನವೇ, ಅದೇ ಮೇಜಿನ ಮುಂದೆಯೇ, ಆ ಬಾಗಿಲು ತೆರೆಯುತ್ತದೆ.

ಖಂಡಿತವಾಗಿ ಅಂದೇ ಓದಿದ್ದು ಇಷ್ಟು: ಕಾಳು ತುಂಬಿದ ತೆನೆಯಲ್ಲೂ ಅದು ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಅಕ್ಕಿಯ ಮೇಲಿನ ತೌಡಿನ ಪದರದಲ್ಲಿ ಹೆಚ್ಚು. ನಾವು ಉಣ್ಣುವುದು ತೌಡು ಪೂರ್ತಿ ತೆಗೆಯದ ಕೆಂಪು ಕುಚ್ಚಲಕ್ಕಿ.

ಸಂಜೆಯ ಬಸ್ಸಿನಲ್ಲಿ ಸಿದ್ದಕಟ್ಟೆಯ ಕಡೆಗೆ ಬರುವಾಗ ರಸ್ತೆಯ ಎರಡೂ ಬದಿ ಗದ್ದೆಗಳಲ್ಲಿ ನೀರು ಹೊಳೆಯುತ್ತಿತ್ತು. ಎಷ್ಟೋ ವರ್ಷ ಆ ಹೊಳಪನ್ನು ನೋಡಲೆಂದೇ ಕಿಟಕಿಯ ಬದಿ ಹುಡುಕಿ ಕೂರುತ್ತಿದ್ದವಳು ನಾನು. ಅಂದು ಕಿಟಕಿಯಿಂದ ಮುಖ ತಿರುಗಿಸಿ ಕೂತೆ.

ಮನೆಯಲ್ಲಿ ಮಾತು ತೆಗೆದಾಗ ಮಾವ ಕೈತೊಳೆದು ಊಟಕ್ಕೆ ಕೂತಿದ್ದರು.

"ಇಷ್ಟು ವರ್ಷ ಉಂಡಿದ್ದೇವಲ್ಲ. ಯಾರು ಸತ್ತಿದ್ದಾರೆ ಹೇಳು?"

"ಕೂಡಲೇ ಸಾಯುವುದಿಲ್ಲ ಮಾವ. ನಿಧಾನಕ್ಕೆ ಮೈಗೆ ಸೇರ್ತದೆ."

"ನಿಧಾನಕ್ಕೆ ಅಂದ್ರೆ? ನನಗೀಗ ಅರುವತ್ತು ದಾಟಿತು. ಇನ್ನೂ ನಿಧಾನ ಮಾಡಿದ್ರೆ ಅದಕ್ಕೇ ಬೇಜಾರಾದೀತು."

ಅಮ್ಮ ಬಡಿಸುತ್ತಿದ್ದವಳು ನಕ್ಕಳು. ನನಗೆ ಸಿಟ್ಟು ಬಂತು. "ಮಗುವಿಗೆ ಅರುವತ್ತು ಆಗಿಲ್ಲ," ಎಂದೆ. ಆಮೇಲೆ ಯಾರೂ ನಗಲಿಲ್ಲ.

ಬೈಲಿನ ಅಕ್ಕಿ ಮನೆಗೆ, ಮೇಲಿನ ಗದ್ದೆಗಳದ್ದು ಮಾರಾಟಕ್ಕೆ ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. ಬೈಲಿನದ್ದು ಬೆಂದರೆ ಅಗುಳು ದಪ್ಪ, ರುಚಿ ಹೆಚ್ಚು. ವರ್ಷದ ಅಕ್ಕಿ ಆಗಲೇ ಅಂಗಳದಲ್ಲಿ ಬೇಯಿಸಿ, ಒಣಗಿಸಿ, ಮಿಲ್ಲಿಗೆ ಹೋಗಿ ಬಂದು ಪತ್ತಾಯದಲ್ಲಿ, ಅಂದರೆ ಮರದ ಕಣಜದಲ್ಲಿ, ತುಂಬಿತ್ತು. ಅದನ್ನು ಬಿಟ್ಟು ಅಂಗಡಿಯಿಂದ ತರುವ ಮಾತು ಅಮ್ಮನಿಗೆ ನಾಚಿಕೆಯದು. "ಪತ್ತಾಯದಲ್ಲಿ ಅಕ್ಕಿ ಇಟ್ಟುಕೊಂಡು ಪೇಟೆಯಿಂದ ಹೊತ್ತು ತರುದಾ? ನೋಡಿದವರು ಎಂತ ಹೇಳ್ತಾರೆ? ನಮ್ಮದರಲ್ಲಿ ಹುಳ ಬಿತ್ತು ಅಂತ ಹೇಳ್ತಾರೆ."

ಎರಡು ದಿನ ಕಳೆದು ಕೊನೆಗೆ ಒಂದು ಒಪ್ಪಂದವಾಯಿತು. ಮಗುವಿಗೆ ಮಾತ್ರ ಬಂಟ್ವಾಳದ ಅಂಗಡಿಯಿಂದ ತಂದ, ತೌಡು ತೆಗೆದ ಬಿಳಿ ಬೆಳ್ತಿಗೆ ಅಕ್ಕಿ, ಅದಕ್ಕೆ ಬೇರೆ ಚಿಕ್ಕ ಪಾತ್ರೆ. ದೊಡ್ಡವರು ಬೈಲಿನ ಅಕ್ಕಿಯನ್ನೇ ಉಣ್ಣುವುದು, ಆದರೆ ಗಂಜಿಯಾಗಿ ಅಲ್ಲ; ನೀರು ತುಂಬ ಹಾಕಿ ಬೇಯಿಸಿ ಚೆನ್ನಾಗಿ ಬಸಿದು, ಅನ್ನವಾಗಿ. ಬಸಿದರೆ ಆರ್ಸೆನಿಕ್ಕಿನಲ್ಲಿ ಸ್ವಲ್ಪ ಭಾಗ ನೀರಿಗೆ ಇಳಿದು ಹೋಗುತ್ತದೆಂದು ಓದಿದ್ದೆ. ಅಮ್ಮನಿಗೆ ಹೇಳುವಾಗ, ಈ ಅಕ್ಕಿ ಮಗುವಿಗೆ ಬೇಡ, ನಮಗೆ ಬಸಿದು ಮಾಡು ಎಂದೆ. ಅವಳು ತಲೆಯಾಡಿಸಿದಳು. ನಾಳೆಯಿಂದ ಎಂದಲ್ಲ, ಅಂದು ರಾತ್ರಿಯ ಅಡುಗೆಯನ್ನೇ ಹಾಗೆ ಮಾಡಿದಳು.

ಅಕ್ಕಿಯನ್ನೂ ಮೂಲೆಯ ಮಣ್ಣನ್ನೂ ಬಾವಿಯ ನೀರನ್ನೂ ಕಟ್ಟಿ, ದೂರದ ಊರಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ನನ್ನ ಹಳೆಯ ಸಹಪಾಠಿಗೆ ಕಳುಹಿಸಿದೆ. ಅವಳಿಗೆ ಪುರುಸೊತ್ತಾದಾಗ ನೋಡುವುದು ಎಂದಾಗಿತ್ತು. ಕಾಯುವ ಆ ತಿಂಗಳುಗಳಲ್ಲಿ ನಾನು ಅನ್ನದ ಮುಂದೆ ಕೂತು ಅಗುಳುಗಳನ್ನು ಬಿಡಿಸಿ ನೋಡುತ್ತಿದ್ದೆ. ಕೆಂಪು ಗೆರೆ, ಒಡೆದ ಹೊಟ್ಟೆ, ಬಿಸಿ ಆವಿ. ಇದೇ ಅನ್ನದಿಂದ ಬೆಳೆದವಳು ನಾನು. ಕಂಬಗಳ ಕಾಲದ ನಂತರದ ಬೈಲಿನ ಅನ್ನವನ್ನು ಬಸುರಿಯಾಗಿದ್ದಾಗಲೂ ಉಂಡಿದ್ದೇನೆ ಎಂಬ ಯೋಚನೆ ಬಂದಾಗ ಎತ್ತಿದ ತುತ್ತನ್ನು ಮತ್ತೆ ತಟ್ಟೆಗೆ ಇಡುತ್ತಿದ್ದೆ. ಹಾಗಿದ್ದರೂ ಮಗಳು ಮಾತ್ರ ತಪ್ಪಿಸಿಕೊಂಡಳು ಎಂಬ ಒಂದು ಸಮಾಧಾನ ಇತ್ತು. ಅವಳ ಪಾತ್ರೆ ಬೇರೆ, ಅವಳ ಅಕ್ಕಿ ಬೇರೆ. ಕೆನ್ನೆ ತುಂಬಿಕೊಂಡು ಬರುತ್ತಿತ್ತು. ಅಂಗಡಿಯ ಅಕ್ಕಿ ಮೈಗೆ ಹಿಡಿಯಿತು ಎಂದುಕೊಂಡೆ.

ಸಹಪಾಠಿಯ ಫೋನು ಬಂದದ್ದು ಕಾಲೇಜಿಗೆ. ಕಚೇರಿಯವರು ಕರೆದರೆಂದು ಓಡಿದೆ. ಅವಳು ಕುಶಲ ಕೇಳಲಿಲ್ಲ.

"ಬಾವಿಯ ನೀರು ತೊಂದರೆ ಇಲ್ಲ. ಆ ಅಕ್ಕಿ ನೀವು ಊಟ ಮಾಡ್ತಾ ಇದ್ದೀರಾ?"

"ಹೌದು. ಎಷ್ಟು ಬಂತು?"

ಅವಳು ಒಂದು ಸಂಖ್ಯೆ ಹೇಳಿದಳು. ಆ ಸಂಖ್ಯೆ ನನಗೆ ಈಗಲೂ ನೆನಪಿದೆ, ಆದರೆ ಬೇರೆ ಬೇರೆ ಸಲ ಬೇರೆ ಬೇರೆಯಾಗಿ, ಆದ್ದರಿಂದ ಬರೆಯುವುದಿಲ್ಲ. ನಾವಿಬ್ಬರೂ ಕಲಿತವರಾದ್ದರಿಂದ ಅದು ಹೆಚ್ಚೋ ಕಡಿಮೆಯೋ ಎಂದು ನಾನು ಕೇಳಬೇಕಾಗಿ ಬರಲಿಲ್ಲ.

"ಮಗು ಉಂಟಲ್ಲ ನಿನಗೆ?" ಎಂದಳು. "ಮಗುವಿಗೆ ಕೊಡ್ಬೇಡ."

"ಇಲ್ಲ ಇಲ್ಲ. ಅವಳಿಗೆ ಬೇರೆಯೇ."

ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು. ಆದರೂ ನಿಲ್ಲಲಾಗಲಿಲ್ಲ. ಉಳಿದ ತರಗತಿಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ ಸಿಕ್ಕಿದ ಬಸ್ಸು ಹತ್ತಿದೆ. ಪತ್ತಾಯದ ಅಕ್ಕಿಯನ್ನೆಲ್ಲ ಹೊರಗೆ ಹಾಕಿಸಬೇಕು, ಮಾವ ಏನೇ ಹೇಳಲಿ, ಇವತ್ತೇ ಎಂದು ಮನಸ್ಸಿನಲ್ಲೇ ಜಗಳ ಆಡಿಕೊಂಡು ಬಂದೆ. ಅಂಗಳಕ್ಕೆ ಕಾಲಿಟ್ಟಾಗ ಮಧ್ಯಾಹ್ನದ ಊಟಕ್ಕೆ ಮೊದಲಿನ ಹೊತ್ತು. ಆ ಹೊತ್ತಿನಲ್ಲಿ ಕೆಲಸದ ದಿನ ನಾನು ಮನೆಯಲ್ಲಿ ಇರುವುದೇ ಇಲ್ಲ.

ಅಮ್ಮ ಜಗಲಿಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಟ್ಟಲಿನಿಂದ ಚಮಚದಲ್ಲಿ ಏನೋ ಕುಡಿಸುತ್ತಿದ್ದಳು. ನಸುಗೆಂಪು ಬಣ್ಣ. ಮೇಲೆ ತುಪ್ಪದ ಒಂದು ಕಣ್ಣು ತೇಲುತ್ತಿತ್ತು. ಮಗಳು ಕಾಲು ಬಡಿದು ಇನ್ನೂ ಬೇಕೆಂದು ಬಾಯಿ ತೆರೆಯುತ್ತಿದ್ದಳು.

"ಅಮ್ಮಾ, ಎಂತ ಅದು?"

"ತೆಳಿ. ಮತ್ತೆಂತ?"

ತೆಳಿ ಎಂದರೆ ಅನ್ನ ಬಸಿದ ನೀರು. ನಮ್ಮಲ್ಲಿ ಅದನ್ನು ಚೆಲ್ಲುವುದಿಲ್ಲ. ಜ್ವರ ಬಿಟ್ಟವರಿಗೆ, ಬಾಣಂತಿಗೆ, ಬಿಸಿಲಲ್ಲಿ ದುಡಿದು ಬಂದವರಿಗೆ ಉಪ್ಪು ಹಾಕಿ ಕೊಡುತ್ತಾರೆ. ಯಾರಿಗೂ ಬೇಡವಾದರೆ ಕರುವಿಗೆ.

"ಯಾವುದರ ತೆಳಿ?"

"ನಮ್ಮ ಅಕ್ಕಿದ್ದು. ಆ ಬೆಳ್ತಿಗೆಯಲ್ಲಿ ತೆಳಿ ಎಲ್ಲಿ ಬರ್ತದೆ? ಪಾತ್ರೆ ತೊಳೆದ ನೀರಿನ ಹಾಗೆ ಉಂಟು."

"ಈ ಅಕ್ಕಿ ಅವಳಿಗೆ ಬೇಡ ಅಂತ ಹೇಳಿದ್ದೆನಲ್ಲ!"

"ಅಕ್ಕಿ ಎಲ್ಲಿ ಕೊಟ್ಟೆ? ಒಂದು ಅಗುಳು ಬಾಯಿಗೆ ಹಾಕಿದ್ರೆ ಕೇಳು. ಬಟ್ಟೆಯಲ್ಲಿ ಸೋಸಿಯೇ ಕೊಡುದು." ಅಮ್ಮನಿಗೆ ನನ್ನ ದನಿ ಇಷ್ಟವಾಗಲಿಲ್ಲ. "ನೀನೇ ಅಲ್ವಾ ನೀರು ಜಾಸ್ತಿ ಹಾಕಿ ಬಸಿಯಲಿಕ್ಕೆ ಹೇಳಿದ್ದು? ಈಗ ತೆಳಿ ಬೇಕಾದಷ್ಟು ಸಿಗ್ತದೆ. ಕೆನ್ನೆ ನೋಡು, ಹೇಗೆ ತುಂಬಿದೆ. ಅಂಗಡಿಯ ಅಕ್ಕಿಯಲ್ಲಿ ಬಂದದ್ದು ಅಂತ ಮಾಡಿದ್ಯಾ?"

ನಾನು ಅಲ್ಲೇ ಮೆಟ್ಟಿಲಿನ ಮೇಲೆ ಕೂತೆ. ಅಕ್ಕಿಯಿಂದ ಬಿಡಿಸಿ ನೀರಿಗೆ ಇಳಿಸಿದ್ದನ್ನು ಅಷ್ಟೂ ದಿನ ಆ ಪುಟ್ಟ ಹೊಟ್ಟೆ ಕುಡಿದಿತ್ತು. ದೊಡ್ಡವರಾದ ನಾವು ಬಸಿದ ಅನ್ನ ಉಂಡು ಪಾರಾಗುತ್ತಿದ್ದೆವು.

"ಯಾವಾಗಿಂದ ಅಮ್ಮ?"

"ಹಲ್ಲು ಬರುವ ಮೊದಲಿಂದಲೂ. ಎಂತಾಯ್ತು ಮಗಾ? ಯಾಕೆ ಹೀಗೆ ಮುಖ ಮಾಡಿದ್ದು?"

ಆಗ ಹೇಳಿದೆ. ಮೊದಲ ಸಲ ಆರ್ಸೆನಿಕ್ ಎನ್ನದೆ ಪಾಷಾಣ ಎಂದೆ. ಇಲಿಗೆ ಇಡುವ ಪಾಷಾಣ ಅಮ್ಮನಿಗೆ ಗೊತ್ತಿತ್ತು. ಅಕ್ಕಿಯಲ್ಲಿ ಅದು ಉಂಟು, ಬೇಯಿಸಿದರೆ ನೀರಿಗೆ ಇಳಿಯುತ್ತದೆ, ಬಸಿಯಲು ಹೇಳಿದ್ದು ಅದಕ್ಕೇ, ಆ ನೀರನ್ನು ಚೆಲ್ಲಬೇಕಿತ್ತು. ಅಮ್ಮ ಚಮಚವನ್ನು ಬಟ್ಟಲಿನಲ್ಲಿಟ್ಟು, ಸೆರಗಿನ ತುದಿಯಿಂದ ಮಗುವಿನ ತುಟಿ ಒರೆಸತೊಡಗಿದಳು. ಒರೆಸಿದಳು, ಒರೆಸಿದಳು. ಬೆರಳಿಗೆ ಸೆರಗು ಸುತ್ತಿ ನಾಲಿಗೆಯನ್ನೂ ಒರೆಸಿದಳು. ಮಗಳು ಕಿರುಚಿ ಅಳುವವರೆಗೂ ನಿಲ್ಲಿಸಲಿಲ್ಲ. ನಾನು ಕೈ ಹಿಡಿಯಬೇಕಾಯಿತು.

ಬಟ್ಟಲು ಹಿಡಿದು ಎದ್ದವಳು ಅಂಗಳದ ತುದಿಯಲ್ಲಿ ನಿಂತು ಕೇಳಿದಳು. "ಕರುವಿಗೂ ಬೇಡವಾ?"

"ಬೇಡ."

ಅವಳು ಚೆಲ್ಲಿದಳು. ಕೋಳಿಗಳು ಓಡಿ ಬಂದವು. ಅವನ್ನು ಓಡಿಸುತ್ತ ಅಲ್ಲೇ ನಿಂತಳು, ನೆಲ ಕುಡಿದು ಮುಗಿಸುವವರೆಗೆ.

ಮಾವ ಆ ಸಂಜೆ ತಮಾಷೆ ಮಾಡಲಿಲ್ಲ. ಪತ್ತಾಯದ ಅಕ್ಕಿಯನ್ನು ಗುಡ್ಡದ ಬದಿಯಲ್ಲಿ ಹೊಂಡ ತೆಗೆಸಿ ಹಾಕಿಸಿದರು. ಮುಂದಿನ ಮಳೆಗೆ ಬೈಲು ಉಳಲಿಲ್ಲ, ಗುಡ್ಡದ ನೀರು ಮೂಲೆಗೆ ಇಳಿಯದ ಹಾಗೆ ಬೇರೆ ಕಣಿ ಕಡಿಸಿದರು. ಕೇಳಿದವರಿಗೆ "ಆಳು ಎಲ್ಲಿ ಸಿಗ್ತದೆ ಮಾರಾಯ" ಎಂದರು. ಅದು ಎಲ್ಲರ ಮನೆಯಲ್ಲೂ ನಿಜವಾಗಿದ್ದ ಮಾತು, ಯಾರೂ ಎರಡನೆಯ ಸಲ ಕೇಳಲಿಲ್ಲ.

ಮೈಗೆ ಸೇರಿದ್ದು ಉಗುರಿನಲ್ಲಿ ತಿಳಿಯುತ್ತದೆ ಎಂದು ಸಹಪಾಠಿ ಹೇಳಿದಳು. ಮಲಗಿದ ಮಗಳ ಉಗುರು ಕತ್ತರಿಸಿ ಕಾಗದದಲ್ಲಿ ಕೂಡಿಡತೊಡಗಿದೆ. ಅಕ್ಕಿಯ ನುಚ್ಚಿಗಿಂತ ಸಣ್ಣ ಚೂರುಗಳು. ಸಾಕಾಗುವಷ್ಟು ಆಗಲು ವಾರಗಳು ಬೇಕಾದವು. ಫ್ಯಾನ್ ಗಾಳಿಗೆ ಹಾರೀತೆಂದು ಉಸಿರು ಬಿಗಿಹಿಡಿದು ಕಾಗದ ಮಡಚುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ. ಒಂದು ದಿನ ಅಲ್ಲಿಂದಲೇ ಕೇಳಿದಳು, "ನನ್ನ ಕೈಯಿಂದಲೇ ಆದದ್ದಲ್ಲವಾ?" ಅಲ್ಲ ಎಂದೆ. ಅವಳು ನಂಬಿದಳೆಂದು ನನಗೆ ಅನಿಸಲಿಲ್ಲ. ಆ ಮನೆಯಲ್ಲಿ ಆ ಮಗುವನ್ನು ಅವಳಷ್ಟು ಎಚ್ಚರದಿಂದ ಯಾರೂ ಸಾಕಿರಲಿಲ್ಲ.

ಉಗುರಿನಲ್ಲಿ ಇತ್ತು. ಎಷ್ಟಿದ್ದರೆ ಏನಾದೀತು ಎಂದು ಇಷ್ಟು ಸಣ್ಣ ಮಗುವಿನ ವಿಷಯದಲ್ಲಿ ಹೇಳಲು ತನಗೆ ಬರುವುದಿಲ್ಲ ಎಂದಳು ಸಹಪಾಠಿ. ನಿಲ್ಲಿಸಿದ ಮೇಲೆ ಬಹಳಷ್ಟು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಮೂಡುಬಿದಿರೆಯ ಮಕ್ಕಳ ಡಾಕ್ಟರು ಮಗುವನ್ನು ತಿರುಗಿಸಿ ಮುರುಗಿಸಿ ನೋಡಿ, ಆರೋಗ್ಯವಾಗಿದ್ದಾಳೆ ಎಂದರು. ದೊಡ್ಡವಳಾಗುತ್ತ ಅಂಗೈ, ಅಂಗಾಲು ನೋಡುತ್ತಿರಿ. ಚರ್ಮ ಗಟ್ಟಿಯಾದರೆ, ಕಪ್ಪು ಚುಕ್ಕೆ ಕಂಡರೆ ಕರೆತನ್ನಿ. ಎಷ್ಟು ವರ್ಷ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ನೋಡ್ತಾ ಇರಿ," ಎಂದರು.

ಮನೆಗೆ ಬಂದು ಮೊದಲು ನೋಡಿದ್ದು ಅಮ್ಮನ ಅಂಗೈ. ದಪ್ಪಗಟ್ಟಿತ್ತು, ಅಲ್ಲಲ್ಲಿ ಕಪ್ಪಾಗಿತ್ತು. ಕತ್ತಿ, ಒನಕೆ, ಬಿಸಿ ಪಾತ್ರೆ ಹಿಡಿದ ಕೈ ಅದು. ಕೆಲಸದ್ದೋ ಮತ್ತೊಂದರದ್ದೋ ಹೇಗೆ ಹೇಳುವುದು? ಅವಳು ಕೈ ಎಳೆದುಕೊಂಡು "ನನ್ನದು ಬಿಡು," ಎಂದಳು.

ಅಂದಿನಿಂದ ಅವಳು ಪ್ರತಿ ಬೆಳಿಗ್ಗೆ ಮಗುವನ್ನು ಜಗಲಿಯ ಬಿಸಿಲಿಗೆ ಕೂರಿಸಿ ಅಂಗೈ, ಅಂಗಾಲು ನೋಡುತ್ತಿದ್ದಳು. ಕಣ್ಣು ಮಂಜಾದ ಮೇಲೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ಮಗಳು ಶಾಲೆಗೆ ಹೋಗುವ ಹೊತ್ತಿಗೆ ಅದು ಹಲ್ಲುಜ್ಜಿದಷ್ಟೇ ಸಹಜವಾಗಿತ್ತು. ಕೇಳುವ ಮೊದಲೇ ಕೈ ಚಾಚುತ್ತಿದ್ದಳು.

ಒಂದು ಬೇಸಿಗೆ ರಜೆಯ ಬೆಳಿಗ್ಗೆ ಅಮ್ಮ ನನ್ನನ್ನು ಕೂಗಿದಳು. ಹೆಸರು ಹಿಡಿದು ಕೂಗುವುದು ಅವಳಿಗೆ ಅಭ್ಯಾಸವಿಲ್ಲ. ಓಡಿ ಬಂದೆ. ಮಗಳ ಬಲ ಅಂಗೈಯ ನಡುವೆ ಕಪ್ಪು ಕಲೆ, ಅಂಚು ಗಟ್ಟಿ.

"ಗೇರುಬೀಜದ್ದು," ಎಂದಳು ಮಗಳು. "ನಿನ್ನೆ ಗುಡ್ಡದಲ್ಲಿ ಹಸಿ ಬೀಜ ಒಡೆದದ್ದು. ಸೊನೆ ತಾಗಿತು."

ಹಸಿ ಗೇರುಬೀಜದ ಸೊನೆ ತಾಗಿದರೆ ಹೀಗೇ ಕಪ್ಪಾಗುತ್ತದೆ. ನನ್ನ ಕೈಗೂ ಚಿಕ್ಕಂದಿನಲ್ಲಿ ಎಷ್ಟೋ ಸಲ ಆಗಿದೆ. ನಾನು ಹಾಗೆಂದು ಅಮ್ಮನಿಗೆ ಹೇಳಿದೆ. ಅಮ್ಮನೂ ಹೌದು ಹೌದು, ಸೊನೆಯದ್ದೇ ಎಂದಳು. ಇಬ್ಬರೂ ತೆಂಗಿನೆಣ್ಣೆ ಹಚ್ಚಿದೆವು. ಕಲೆ ಹೋಗಲಿಲ್ಲ. ಸೊನೆಯ ಕಲೆ ಅಷ್ಟು ಬೇಗ ಹೋಗುವುದೂ ಇಲ್ಲ, ಅದು ನಮಗೆ ಗೊತ್ತು.

ನಾನು ಅಡುಗೆಮನೆಯಿಂದ ಹೊರಗೆ ಬಂದಾಗಲೆಲ್ಲ ಮಗಳ ಕೈ ಅಮ್ಮನ ಕೈಯಲ್ಲಿ ಇರುತ್ತಿತ್ತು. ಅಮ್ಮ ಎದ್ದು ಹೋದರೆ ನನ್ನ ಕೈಯಲ್ಲಿ. ಮಗಳಿಗೆ ರೇಗಿ ಹೋಯಿತು. "ಆಡ್ಲಿಕ್ಕೆ ಬಿಡ್ತೀರಾ ಇಲ್ವಾ?" ಎಂದು ಕೈ ಕಿತ್ತುಕೊಂಡು ಓಡಿದಳು. ಕೊನೆಗೊಂದು ದಿನ ಆ ಚರ್ಮ ತಾನಾಗಿ ಸುಲಿದು ಬಂತು. ಕೆಳಗೆ ಹೊಸ ಚರ್ಮ, ಗುಲಾಬಿ ಬಣ್ಣದ್ದು. ಅಮ್ಮ ಅದರ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಮೆತ್ತಗಿತ್ತು. ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಮೇಲೆ ಅವಳು ಮಗುವಿನ ಇನ್ನೊಂದು ಕೈ ಕೇಳಿದಳು.